ಎರಡು ಸಹಿಯ ಕಾಗದ

ಏಪ್ರಿಲ್ ಬಂತೆಂದರೆ ಅಮೆರಿಕದ ನಾರ್ಮನ್ ಊರಿನ ಇರಾನಿ ಹುಡುಗರಿಗೆಲ್ಲ ಮಹ್ಲಗಾ ನೆನಪಾಗುತ್ತಾಳೆ. ಉಳಿದ ಹನ್ನೊಂದು ತಿಂಗಳು ಆಕೆ ಇದ್ದಾಳೋ ಇಲ್ಲವೋ ಎಂದು ಇಣುಕಿಯೂ ನೋಡದವರು, ತೆರಿಗೆಯ ಗಡುವು ಹತ್ತಿರವಾಗುತ್ತಲೇ ಪಿಸ್ತಾ ಪೊಟ್ಟಣ ಹಿಡಿದು ಬಾಗಿಲಲ್ಲಿ ಹಲ್ಲು ಕಿರಿಯುತ್ತಾರೆ. ಎಪ್ಪತ್ತೊಂದು ವರ್ಷದ ಆಕೆ ಬೈಯುತ್ತಲೇ ಒಳಗೆ ಕರೆಯುತ್ತಾಳೆ. ವಿದ್ಯಾರ್ಥಿ ವೀಸಾದವರ ಫಾರಂ ಬೇರೆ, ಕೆಲಸದ ವೀಸಾದವರ ಫಾರಂ ಬೇರೆ. ಗಂಡನದು ಒಂದು, ಹೆಂಡತಿಯದು ಇನ್ನೊಂದು ವೀಸಾ ಆಗಿಬಿಟ್ಟರೆ ಕಲಿತವರೂ ತಲೆ ಕೆರೆದುಕೊಳ್ಳುತ್ತಾರೆ. ಮಹ್ಲಗಾಗೆ ಮಾತ್ರ ಅದೆಲ್ಲ ನೀರು ಕುಡಿದಷ್ಟು ಸಲೀಸು.

ಹುಟ್ಟಿನಿಂದ ಬಂದ ವಿದ್ಯೆಯಲ್ಲ ಅದು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಪ್ರತಿ ವರ್ಷ ಗಂಡ ನೊಸ್ರತ್ ಕಾಗದದ ಮೇಲೆ ಬೆರಳಿಟ್ಟು "ಇಲ್ಲಿ" ಎನ್ನುತ್ತಿದ್ದ, ಈಕೆ ಅಲ್ಲಿ ಸಹಿ ಹಾಕುತ್ತಿದ್ದಳು. ಮೂವತ್ತು ವರ್ಷ ಹಾಗೇ ನಡೆಯಿತು. ಅವನು ತೀರಿಕೊಂಡ ಮೇಲೆ ಅವನ ಕಾಗದದ ಪೆಟ್ಟಿಗೆ ತೆಗೆದು ಓದಿದಾಗ, ಇರಾನಿನ ಶೀರಾಜಿನಲ್ಲಿದ್ದ ತನ್ನ ತವರುಮನೆಯ ಪಾಲು ತನ್ನದೇ ಸಹಿಯಿಂದ ಮಾರಾಟವಾಗಿ ಆರು ವರ್ಷವಾಗಿತ್ತೆಂದು ತಿಳಿಯಿತು. ಸತ್ತವನ ಮೇಲೆ ಕೂಗಾಡಿ ಏನು ಪ್ರಯೋಜನ? ಊರಿನ ಲೈಬ್ರರಿಯಲ್ಲಿ ತೆರಿಗೆ ಫಾರಂ ತುಂಬಲು ಕಲಿಸುತ್ತಾರೆಂದು ಕೇಳಿ, ಹೋಗಿ ಮುಂದಿನ ಸಾಲಿನಲ್ಲೇ ಕುಳಿತಳು.

ಈ ಸಲ ಒಂದು ಭಾನುವಾರ ಬೆಳಿಗ್ಗೆ ಬಂದವರು ಸಿಯಾಮಕ್ ಮತ್ತು ಗೋಲ್ನೂಶ್. ಅವರಿಬ್ಬರಿಗೆ ಗಂಟು ಹಾಕಿಸಿದವಳು ಮಹ್ಲಗಾಳೇ. ಗೋಲ್ನೂಶ್ ಶೀರಾಜಿನಲ್ಲೇ ಇರುವ ಆಕೆಯ ಬಾಲ್ಯದ ಗೆಳತಿ ತೂರಾನಳ ಮಗಳು. ಹುಡುಗಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಒಂಟಿಯಾಗಿ ಹೇಗೆ ಕಳಿಸಲಿ ಎಂದು ತೂರಾನ್ ಅಳುತ್ತಿದ್ದಳು. ಸೇತುವೆ ಕಟ್ಟುವ ಕಂಪನಿಯಲ್ಲಿ ಕೆಲಸದ ವೀಸಾದ ಮೇಲಿದ್ದ ಸಿಯಾಮಕ್‌ನನ್ನು ಮಹ್ಲಗಾ ತೋರಿಸಿದಳು. ಅಮೆರಿಕ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಿಂದ ಅವನು ಮದುವೆಗೆಂದು ಇರಾನಿಗೆ ಹೋಗಲಿಲ್ಲ. ಅವನ ಪರವಾಗಿ ಅವನ ತಂದೆಯೇ ಕುಳಿತು ನಿಕಾಹ್ ಮುಗಿಸಿದರು. ಮದುವೆಯ ಸಂಭ್ರಮ, ಹುಡುಗಿಯನ್ನು ಮನೆ ತುಂಬಿಸಿಕೊಳ್ಳುವುದು, ಎಲ್ಲ ಆಮೇಲೆ ಎಂದಾಯಿತು. ಆ ಆಮೇಲೆ ಎನ್ನುವುದಕ್ಕೆ ಈಗ ಎರಡು ವರ್ಷ. ಅವನ ಬಾಡಿಗೆ ಮನೆ ಒಂದು ಕಡೆ, ಅವಳ ಹಾಸ್ಟೆಲು ಇನ್ನೊಂದು ಕಡೆ. ಈಗಲೂ ಒಬ್ಬರಿಗೊಬ್ಬರು "ನೀವು" ಎಂದೇ ಕರೆಯುತ್ತಿದ್ದರು.

"ಖಾಲೆ, ಒಂದು ಎಡವಟ್ಟಾಗಿದೆ," ಎಂದ ಸಿಯಾಮಕ್. ಆ ಊರಿನಲ್ಲಿ ಎಲ್ಲರಿಗೂ ಆಕೆ ಖಾಲೆ, ಅಂದರೆ ಚಿಕ್ಕಮ್ಮ. "ಹೋದ ವರ್ಷ ಇಬ್ಬರೂ ಫಾರಂನಲ್ಲಿ ಮದುವೆ ಆಗಿಲ್ಲ ಅಂತ ಗುರುತು ಹಾಕಿದೀವಿ. ಮದುವೆ ಊಟಾನೇ ಹಾಕಿಲ್ವಲ್ಲ, ಆಗಿದೆ ಅಂತ ಹೆಂಗೆ ಬರೆಯೋದು ಅಂತ. ಈಗ ಗ್ರೀನ್ ಕಾರ್ಡಿಗೆ ಹಾಕ್ಬೇಕು, ವಕೀಲರು ನೋಡಿ ಬೆಚ್ಚಿಬಿದ್ರು."

"ನಿನ್ನ ಮದುವೆ ಊಟಕ್ಕೆ ಅಮೆರಿಕ ಸರ್ಕಾರ ಎಲೆ ಹಾಕ್ಕೊಂಡು ಕಾಯ್ತಾ ಇತ್ತೇನೋ, ಕತ್ತೆ? ಅಲ್ಲಿ ಪುಸ್ತಕದಲ್ಲಿ ಬರ್ಕೊಂಡ ದಿನದಿಂದ ನೀನು ಗಂಡ, ಅವಳು ಹೆಂಡ್ತಿ. ಅರ್ಧ ಮದುವೆ ಅಂತ ಗುರುತು ಹಾಕೋಕೆ ಫಾರಂನಲ್ಲಿ ಯಾವ ಚೌಕವೂ ಇಲ್ಲ."

ಗೋಲ್ನೂಶ್ ನಗಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು.

"ಹಳೇದನ್ನ ತಿದ್ದಿ, ಈ ವರ್ಷ ಒಂದೇ ಫಾರಂನಲ್ಲಿ ಹಾಕಿಬಿಡೋಣ," ಎಂದಳು ಮಹ್ಲಗಾ. ಹೆಂಡತಿ ವಿದ್ಯಾರ್ಥಿ ವೀಸಾದಲ್ಲಿದ್ದರೆ ಅದಕ್ಕೊಂದು ಹೇಳಿಕೆ ಬೇಕು, ಕೆಳಗೆ ಎರಡು ಸಹಿ ಬೇಕು. ಆಕೆ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಅದನ್ನು ಟೈಪು ಮಾಡಿ ತಂದಳು. ಸಿಯಾಮಕ್ ಸರ್ರನೆ ಸಹಿ ಹಾಕಿದ. ಮಹ್ಲಗಾ ಕಾಗದವನ್ನು ಹುಡುಗಿಯತ್ತ ಸರಿಸಿ, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು "ಇಲ್ಲಿ" ಎಂದಳು.

ಹುಡುಗಿ ಪೆನ್ನು ತೆಗೆದುಕೊಂಡಳು. ಅವಳ ಮುಖ ಬಿಳಿಚಿಕೊಂಡಿದ್ದು ಮಹ್ಲಗಾಗೆ ಕಂಡಿತು. ಕಾಣದವಳಂತೆ ಇದ್ದುಬಿಡಬಹುದಿತ್ತು. ಮಾತು ಕೊಟ್ಟವಳು ತಾನು. ಮದುವೆಯ ದಿನ ಗೊತ್ತಾಯಿತೇ ಎಂದು ತೂರಾನ್ ವಾರವಾರವೂ ಫೋನು ಮಾಡುತ್ತಾಳೆ. ಹಿರಿಯರು ತೋರಿಸಿದ ಕಡೆ ಈ ಹುಡುಗಿ ಖಂಡಿತ ಸಹಿ ಹಾಕುತ್ತಾಳೆ. ಆದರೆ ಗೆರೆಯ ಮೇಲಿದ್ದ ತನ್ನ ಬೆರಳನ್ನು ನೋಡಿ ಆಕೆಗೆ ನಾಚಿಕೆಯಾಯಿತು.

"ಓದಿದೆಯಾ?"

"ನೀವೇ ಬರೆದಿದೀರಲ್ಲ ಖಾಲೆ, ಮತ್ತೇನು ಓದೋದು?"

ಮಹ್ಲಗಾ ಬೆರಳು ತೆಗೆದಳು. "ಓದು. ಗಟ್ಟಿಯಾಗಿ ಓದು."

"ಗಂಡಹೆಂಡಿರಾದ ನಾವಿಬ್ಬರೂ..." ಎಂದು ಶುರುಮಾಡಿ ಹುಡುಗಿ ನಿಲ್ಲಿಸಿದಳು. ಇನ್ನೊಮ್ಮೆ ಶುರುಮಾಡಿ ಅಲ್ಲೇ ನಿಂತಳು.

"ಸ್ಪೆಲಿಂಗ್ ತಪ್ಪಿದೆಯಾ?" ಎಂದ ಸಿಯಾಮಕ್.

"ಇಲ್ಲ. ನೀವು ಕೆಟ್ಟವರಲ್ಲ, ಸಿಯಾಮಕ್. ನನಗೆ ಜ್ವರ ಬಂದಾಗ ಸೂಪು ತಂದು ಬಾಗಿಲಲ್ಲಿಟ್ಟು ಹೋದ್ರಿ. ಆದ್ರೆ ಈ ಎರಡು ವರ್ಷದಲ್ಲಿ 'ನಾವಿಬ್ಬರೂ' ಅಂತ ನಾನು ಒಂದು ಸಲಾನೂ ಅಂದ್ಕೊಂಡಿಲ್ಲ. ನೀವು ಅಂದ್ಕೊಂಡಿದೀರಾ?"

ಅವನು ಕಾಗದದ ಮೇಲಿದ್ದ ತನ್ನ ಸಹಿಯನ್ನು ನೋಡಿದ. "ಮುಂದೆ ಸರಿಹೋಗುತ್ತೆ ಅಂತ ಇದ್ದೆ," ಎಂದ.

"ನಾನೂ ಹಾಗೇ ಇದ್ದೆ."

"ಈ ಸಂಬಂಧ ಬಿಟ್ರೆ ಅವನ ಜೊತೆ ಸಿಗೋ ಗ್ರೀನ್ ಕಾರ್ಡೂ ಬಿಟ್ಟ ಹಾಗೆ," ಎಂದಳು ಮಹ್ಲಗಾ. "ಓದು ಮುಗಿದ ಮೇಲೆ ನೀನು ಒಬ್ಬಳೇ ಒದ್ದಾಡ್ಬೇಕು. ಗೊತ್ತಾ?"

"ಗೊತ್ತು ಖಾಲೆ."

ಮಹ್ಲಗಾ ಆ ಕಾಗದವನ್ನು ಹರಿದು, ಎರಡು ಬೇರೆ ಬೇರೆ ಫಾರಂ ತಂದಿಟ್ಟಳು. ಮದುವೆಯಾಗಿದೆ, ತೆರಿಗೆ ಬೇರೆ ಬೇರೆ ಎಂದು ಹೇಳುವ ಗುರುತೂ ಅದರಲ್ಲಿರುತ್ತದೆ. ವಿಚ್ಛೇದನ ಆಗುವ ತನಕ ಕಾಗದದ ಮೇಲೆ ಅವರು ಗಂಡಹೆಂಡಿರೇ, ಹಾಗಾಗಿ ಗಂಡ ತನ್ನ ಫಾರಂನಲ್ಲಿ ಹೆಂಡತಿಯ ಹೆಸರು ಬರೆಯಲೇಬೇಕು. ಬರೆಯಲು ಹೊರಟ ಸಿಯಾಮಕ್ ಅರ್ಧಕ್ಕೆ ತಲೆಯೆತ್ತಿದ.

"ನಿಮ್ಮ ಮನೆತನದ ಹೆಸರು ಪಾಸ್‌ಪೋರ್ಟಲ್ಲಿ ಹೇಗಿದೆ?"

ಗೋಲ್ನೂಶ್ ಪೆನ್ನು ತೆಗೆದುಕೊಂಡು ತಾನೇ ಬರೆದುಕೊಟ್ಟಳು. ಅವನು ಥ್ಯಾಂಕ್ಸ್ ಎಂದ.

ಅವರು ತಂತಮ್ಮ ಕಾರಿನಲ್ಲಿ ಹೊರಟುಹೋದ ಮೇಲೆ ಮಹ್ಲಗಾ ಶೀರಾಜಿಗೆ ಫೋನು ಮಾಡಿದಳು. ಹುಡುಗಿ ತಾನೇ ಹೇಳುತ್ತೇನೆ ಎಂದಿದ್ದಳು. ಕೂಡಿಸಿದವಳು ನಾನು, ಬೈಗುಳ ಮೊದಲು ನನಗೆ ಬೀಳಲಿ ಎಂದು ಈಕೆ ಬಿಟ್ಟಿರಲಿಲ್ಲ.

"ದಿನ ಗೊತ್ತಾಯ್ತೇನೇ?" ಎಂದು ತೂರಾನ್ ಉತ್ಸಾಹದಿಂದಲೇ ಶುರುಮಾಡಿದಳು. "ಬಟ್ಟೆ ನೋಡಿಟ್ಟಿದೀನಿ."

"ಮದುವೆ ಇಲ್ಲ ಕಣೇ. ಹುಡುಗಿಯನ್ನ ಬೈಬೇಡ. ಅವಳಿಗೆ ಇಷ್ಟ ಇದೆಯಾ ಅಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಇವತ್ತು ಕೇಳಿದ ಹಾಗಾಯ್ತು. ಇಲ್ಲ ಅಂದ್ಳು."

ಲೈನು ಕಟ್ಟಾಯಿತೇನೋ ಎಂದುಕೊಂಡು ಮಹ್ಲಗಾ ಎರಡು ಸಲ ಹಲೋ ಎಂದಳು.

"ಇದೀನಿ," ಎಂದಳು ತೂರಾನ್. "ಕೇಳಿದ್ರೆ ಇಲ್ಲ ಅನ್ನಬಹುದು ಅಂತಾನೇ ನನಗೆ ಹೊಳೆದಿರ್ಲಿಲ್ಲ, ಮಹ್ಲಗಾ. ನನ್ನ ಮದುವೇಲಿ ನನ್ನ ಯಾರು ಕೇಳಿದ್ರು?"