ಒಂದು ದಾರಿ, ಎರಡು ಗಾಡಿ

ಬಬಲೇಶ್ವರದ ಶಾಲೆಗೆ ಪಾಠ ಮಾಡಲು ವಿಜಯಪುರದಿಂದ ದಿನಾಲೂ ಸ್ಕೂಟರಿನಲ್ಲಿ ಹೋಗುತ್ತೇನೆ. ಪೆಟ್ರೋಲ್ ತುಟ್ಟಿಯಾದ ಹಾಗೆ ಮನೆಯ ಒಂದೊಂದೇ ಖರ್ಚಿಗೆ ಕತ್ತರಿ ಬಿತ್ತು. ಮೊದಲು ಹಣ್ಣು ತರುವುದು ನಿಂತಿತು, ಆಮೇಲೆ ಮಗಳ ಚಿತ್ರಕಲೆ ಕ್ಲಾಸು. ಕ್ಲಾಸು ಬಿಡಿಸಿದ ವಾರವೇ ಸಾರವಾಡದ ಹತ್ತಿರ ಗಾಡಿ ನಿಂತುಬಿಟ್ಟಿತು. ಪೆಟ್ರೋಲಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಹಾಗಾದರೆ ಇಂಜಿನ್ನೇ ಹೋಯಿತೆಂದುಕೊಂಡೆ.

ಹಿಂದೆ ಬರುತ್ತಿದ್ದ ನರ್ಸೊಬ್ಬಳು ತನ್ನ ಸ್ಕೂಟರ್ ನಿಲ್ಲಿಸಿದಳು. ಅದೇ ದಾರಿಯಲ್ಲಿ ದಿನಾ ಕಾಣುವ ಮುಖ, ಹೆಸರು ಗೊತ್ತಿರಲಿಲ್ಲ.

"ಏನಾತ್ರಿ ಅಕ್ಕಾರ?"

"ಇಂಜಿನ್ ಹೋಗೇತ್ರಿ. ಈ ತಿಂಗಳು ಮುಗೀತು ನಮ್ದು," ಎನ್ನುವಷ್ಟರಲ್ಲಿ ಅಳುವೇ ಬಂತು. ಪರಿಚಯವಿಲ್ಲದವಳ ಮುಂದೆ ಅತ್ತದ್ದಕ್ಕೆ ನಾಚಿಕೆಯೂ ಆಯಿತು.

ಅವಳು ನನ್ನ ಗಾಡಿಯನ್ನು ಅಲ್ಲಾಡಿಸಿದಳು. ಟ್ಯಾಂಕಿನಲ್ಲಿ ಸದ್ದೇ ಇಲ್ಲ.

"ಇಂಜಿನ್ ಗಟ್ಟಿ ಐತ್ರಿ. ಪೆಟ್ರೋಲ್ ಖಾಲಿ ಆಗೇತಿ. ಈ ಮುಳ್ಳ ಸುಳ್ಳ ಹೇಳಾಕತ್ತೈತಿ."

ಕಣ್ಣೀರು ಒರೆಸಿಕೊಳ್ಳುತ್ತಲೇ ಜೋರಾಗಿ ನಕ್ಕುಬಿಟ್ಟೆ. ಅವಳೂ ನಕ್ಕಳು. ಅವಳ ಗಾಡಿಯ ಹಿಂದೆ ಕೂತು ಪೆಟ್ರೋಲ್ ಬಂಕಿಗೆ ಹೊರಟಾಗ ಅವಳೇ ಕೇಳಿದಳು.

"ಅಲ್ರೀ, ಒಂದ ದಾರಿಗೆ ನಾವಿಬ್ರೂ ಎರಡ ಗಾಡಿ ಯಾಕ ಓಡಸಾಕತ್ತೇವಿ?"

ಇಷ್ಟು ದಿನ ಅದು ನನಗೇಕೆ ಹೊಳೆಯಲಿಲ್ಲವೋ!

ಅವಳ ಹೆಸರು ಶಬಾನಾ. ಈಗ ಒಂದು ದಿನ ಅವಳ ಗಾಡಿ, ಮರುದಿನ ನನ್ನದು. ಮಗಳು ಮತ್ತೆ ಕ್ಲಾಸಿಗೆ ಹೋಗುತ್ತಿದ್ದಾಳೆ. ಶಬಾನಾ ಮಾತ್ರ ಗಾಡಿ ಹತ್ತಿದ್ದೇ ತಡ, ತನ್ನ ಅತ್ತೆಯ ಸುದ್ದಿ ಶುರು ಮಾಡುತ್ತಾಳೆ. ಪೆಟ್ರೋಲ್ ಅರ್ಧ ಉಳಿಯಿತು, ಬಬಲೇಶ್ವರದವರೆಗೆ ಸುಮ್ಮನೆ ಹೋಗುವ ಸುಖ ಪೂರಾ ಹೋಯಿತು.