ಅಣ್ಣನಿಗೊಂದು ಗ್ಲಾಸ್ ಏಲ್

ತಪ್ಪು ನನ್ನದೇ, ನನ್ನ ಬಾಯಿಬಡಾಯಿಯದ್ದು. ಗಲ್ಫಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ರೂಮಿನಲ್ಲಿ ನನ್ನ ಜೊತೆಗಿದ್ದ ಉಡುಪಿಯ ಅಣ್ಣನ ವೀಸಾ ಕ್ಯಾನ್ಸಲ್ ಆಗಿತ್ತು. ಹೋಟೆಲ್ ಬಾರಿನಲ್ಲಿ ಇಪ್ಪತ್ತು ವರ್ಷ ಬೇರೆಯವರಿಗೆ ಬಗ್ಗಿಸಿಕೊಟ್ಟು, ತಾವೂ ಮೆಚ್ಚಿದ್ದ ಕಂದು ಬಣ್ಣದ ಇಂಗ್ಲಿಷ್ ಬಿಯರ್, ಆ ಏಲ್, ಈಗ ಎಲ್ಲೂ ಸಿಗುತ್ತಿರಲಿಲ್ಲ. ಊರಿಗೆ ಹೋಗುವ ಮುಂಚೆ ಅದನ್ನೊಂದು ಗ್ಲಾಸ್ ಕುಡಿಯಬೇಕೆಂಬುದೊಂದೇ ಅವರ ಆಸೆ. ನಾನು ನಮ್ಮ ಇಂಗ್ಲಿಷ್ ಬಾಸಿನ ಮೂಗುದನಿ ತೆಗೆದು, “ನೋ ಪ್ರಾಬ್ಲಮ್, ನಾನೇ ಮಾಡಿಕೊಡ್ತೀನಿ” ಎಂದುಬಿಟ್ಟೆ.

ಒಂಟೆಗೆ ಹಾಕುವ ಬಾರ್ಲಿ ತಂದೆ. ಮೈಸೂರಿನಲ್ಲಿ ಅಮ್ಮ ರಾಗಿ ಮಾಲ್ಟ್ ಮಾಡುವಂತೆಯೇ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ್ಮೆನ್ನುವವರೆಗೆ ಅಷ್ಟನ್ನೂ ಹುರಿದೆ. ಬಣ್ಣವೇನೋ ಥೇಟ್ ಅದೇ ಬಂತು. ತರಿಯಾಗಿ ಪುಡಿಮಾಡಿ, ಬಿಸಿನೀರಿನಲ್ಲಿಟ್ಟು, ಸೋಸಿ ಯೀಸ್ಟ್ ಹಾಕಿದೆ. ಹತ್ತು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ಅಷ್ಟು ಹುರಿದರೆ ಹಿಟ್ಟನ್ನು ಸಿಹಿ ಮಾಡುವ ಶಕ್ತಿಯೇ ಕಾಳಿನಲ್ಲಿ ಸತ್ತುಹೋಗುತ್ತದೆ, ಸಿಹಿಯಿಲ್ಲದೆ ಯೀಸ್ಟ್ ಕೆಲಸ ಮಾಡುವುದಿಲ್ಲ ಎಂದು ಈ ಪಂಡಿತನಿಗೆ ಗೊತ್ತಿರಲಿಲ್ಲ.

ಹೊರಡುವ ದಿನ ಅವರು ಒಂದು ಗುಟುಕು ಕುಡಿದು, ಗ್ಲಾಸನ್ನು ಕೆಳಗಿಟ್ಟರು.

“ಇನ್ನೊಂದು ವಾರ ಬಿಟ್ರೆ ಹುಳಿ ಬರುತ್ತೇನೋ ಅಣ್ಣಾ” ಎಂದೆ.

“ಅಷ್ಟು ಹುರಿದ ಮೇಲೆ ಕಾಳಿನಲ್ಲಿ ಜೀವ ಎಲ್ಲಿ ಉಂಟು ಮಾರಾಯ? ಚೆಲ್ಲು. ಪೆಟ್ಟಿಗೆಗೆ ಹಗ್ಗ ಕಟ್ಟುವ, ಬಾ.”