ಮೂವರು ಅಪ್ಪಂದಿರ ಎಡೆ ಉಂಡವನು

“ಬೆಳಗ್ಗಿಂದ ಮೂವರು ಅಪ್ಪಂದೀರ ಎಡೆ ಉಂಡ್ಬುಟ್ಟಿವ್ನಿ ಸ್ವಾಮಿ. ನಿಮ್ಮಪ್ಪಾರ್ದು ನಾಳೆ ತಂದ್ರೆ ಆಗಕಿಲ್ವಾ?”

ಅರಸರ ಕಾಲದಲ್ಲಿ ಕಟ್ಟಿದ ನಿರ್ಗತಿಕರ ಆಶ್ರಮದ ಜಗಲಿಯಲ್ಲಿ ಹೊಟ್ಟೆ ನೀವಿಕೊಳ್ಳುತ್ತ ಕೂತಿದ್ದ ಅಜ್ಜ ಕೈಮುಗಿದು ಕೇಳಿದ. ಅಂದು ಮಹಾಲಯ ಅಮಾವಾಸ್ಯೆ. ತೀರಿಕೊಂಡ ಅಪ್ಪನ ಹೆಸರಿನಲ್ಲಿ ಬಡವರಿಗೆ ಉಣಬಡಿಸಲು ನಾನೂ ದೊಡ್ಡಪ್ಪನೂ ಒಂಟಿಕೊಪ್ಪಲಿನಿಂದ ಜಟಕಾದಲ್ಲಿ ವಡೆ, ಪಾಯಸ ಹೇರಿಕೊಂಡು ಬಂದಿದ್ದೆವು. ಅಷ್ಟರಲ್ಲಿ ಅರ್ಧ ಮೈಸೂರಿನ ಪುಣ್ಯವನ್ನು ಅಲ್ಲಿ ಬಡಿಸಿಯಾಗಿತ್ತು! ದೊಡ್ಡಪ್ಪ ಬಿಡುವವರೇ? ತಿಥಿ ಮೀರುತ್ತದೆಂದು ಗದರಿಸಿ, ಎಲೆ ಹಾಕಿಸಿ ಕೂರಿಸಿಯೇಬಿಟ್ಟರು. ಅಜ್ಜ ನಮ್ಮ ಮೇಲೆ ಕರುಣೆ ತೋರಿ ಅರ್ಧ ವಡೆ ನುಂಗಿದ.

ಮರುದಿನ ನಾನು ಕೆಲಸಕ್ಕೆ ಹೋಗುವಾಗ ಅವನು ಆಶ್ರಮದ ಗೇಟಿನ ಕಂಬಿ ಹಿಡಿದು ನಿಂತಿದ್ದ. ದಾನಿಗಳ ಊಟ ಬರುತ್ತದೆಂದು ಅಡುಗೆಯವನಿಗೆ ಕೊಟ್ಟಿದ್ದ ರಜೆ ಇನ್ನೂ ಮುಗಿದಿರಲಿಲ್ಲವಂತೆ. ಒಳಗೆ ಒಲೆಯೇ ಹೊತ್ತಿರಲಿಲ್ಲ.

“ಇವತ್ತು ಯಾರಪ್ಪಂದೂ ಇಲ್ವಾ ಸ್ವಾಮಿ?” ಎಂದ.

ಆ ವರ್ಷದಿಂದ ನಮ್ಮ ಮನೆಯ ಅಡುಗೆ ಆಶ್ರಮಕ್ಕೆ ಹೋಗುವುದು ಅಮಾವಾಸ್ಯೆಯ ಮರುದಿನವೇ. ಶಾಸ್ತ್ರ ಕೆಟ್ಟಿತೆಂದು ದೊಡ್ಡಪ್ಪ ಪ್ರತಿಸಲವೂ ತಕರಾರು ತೆಗೆಯುತ್ತಾರೆ. ಅಪ್ಪನಿಂದ ಮಾತ್ರ ಇದುವರೆಗೆ ಯಾವ ತಕರಾರೂ ಬಂದಿಲ್ಲ.